ಎಡಗೈಯಿಂದಲೇ ಶೈಲಿ ಬದಲಿಸಿ

ಕಾರವಾರದ ನಿಮ್ಮ ಚರ್ಚಿನಲ್ಲಿ ‘ಸೈಲೆಂಟ್ ನೈಟ್’ ಕ್ರಿಸ್‌ಮಸ್ ಗೀತೆಯನ್ನು ಪಿಯಾನೊದಲ್ಲಿ ಪುಸ್ತಕದಲ್ಲಿರುವಂತೆ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತುವ ಕಾರ್ಡ್‌ಗಳಲ್ಲೇ ನುಡಿಸಿದರೆ ಭಾರವೆನಿಸುತ್ತದೆ, ಶೈಲಿಯನ್ನು ಹೇಗೆ ಬದಲಿಸಲಿ ಎಂದು ಕೇಳಿದ್ದೀರಿ. 1818ರ ಕ್ರಿಸ್‌ಮಸ್ ಮುನ್ನಾ ದಿನ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಇದನ್ನು ಮೊದಲ ಬಾರಿಗೆ ಹಾಡಿದ್ದು ಗಿಟಾರಿನ ಜೊತೆಗೆ. ಆದ್ದರಿಂದ ಕಾರ್ಡನ್ನು ಒಮ್ಮೆಲೇ ಒತ್ತುವ ಬದಲು ಸ್ವರಗಳನ್ನು ಒಂದೊಂದಾಗಿ ಹರಿಯಬಿಡುವುದು ಅದರ ಸ್ವಭಾವಕ್ಕೆ ಚೆನ್ನಾಗಿ ಒಪ್ಪುತ್ತದೆ. 6/8 ಲಯದಲ್ಲಿ, ಅಂದರೆ ಆರು ಎಣಿಕೆಯ ಆವರ್ತದಲ್ಲಿ, ಸಿ ಮೇಜರ್ ಕಾರ್ಡ್ ಬಂದಾಗ ಎಡಗೈಯಲ್ಲಿ ಸಿ, ಜಿ, ಮೇಲಿನ ಸಿ, ಇ, ಮತ್ತೆ ಸಿ, ಜಿ ಎಂದು ಆರು ಸ್ವರಗಳನ್ನು ಮೃದುವಾಗಿ ನುಡಿಸಿ, ಕಾರ್ಡ್ ಬದಲಾದಾಗಲೆಲ್ಲ ಪೆಡಲ್ಲನ್ನು ಒಮ್ಮೆ ಬಿಟ್ಟು ಮತ್ತೆ ಒತ್ತಿರಿ, ಇಲ್ಲದಿದ್ದರೆ ಸ್ವರಗಳು ಕಲಸಿಹೋಗುತ್ತವೆ. ಬಲಗೈಯಲ್ಲಿ ಮೊದಲ ಚರಣಕ್ಕೆ ರಾಗವನ್ನು ಸ್ಪಷ್ಟವಾಗಿ ನುಡಿಸಿ. ಸಭೆ ಹಾಡನ್ನು ಹಿಡಿದ ಮೇಲೆ ರಾಗವನ್ನು ಅವರಿಗೇ ಬಿಟ್ಟು, ನೀವು ಕಾರ್ಡ್‌ಗಳಿಗೆ ಸರಿಯಬಹುದು.

ಜಾಝ್ ಶೈಲಿಯ ಸೆವೆಂತ್ ಕಾರ್ಡ್‌ಗಳನ್ನು (ಮೂಲ ಕಾರ್ಡಿಗೆ ಏಳನೆಯ ಸ್ವರವನ್ನೂ ಸೇರಿಸಿದವು) ಕೊನೆಯ ಚರಣಕ್ಕಷ್ಟೇ ಇಟ್ಟುಕೊಳ್ಳಿ. ನಾನೊಮ್ಮೆ ಎರಡನೆಯ ಚರಣದಲ್ಲೇ ಅವುಗಳನ್ನು ತಂದಾಗ, ಮುಂದಿನ ಬೆಂಚಿನ ಹಿರಿಯರು ಆಧಾರಸ್ವರ ಸಿಗದೆ ಹಾಡುವುದನ್ನೇ ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ಜನ ಉಸಿರೆಳೆದುಕೊಳ್ಳುವಷ್ಟು ಹೊತ್ತು ಕಾದು, ಅವರೊಡನೆಯೇ ಮುಂದಿನ ಸಾಲಿಗೆ ಹೋಗಿ. ಶೈಲಿ ಯಾವುದಾದರೂ ಇದನ್ನು ಮಾತ್ರ ಬಿಡಬೇಡಿ.