ಮೈಸೂರಿನ ಓಲೆಗರಿ ಕೆಲಸಕ್ಕೆ ಬ್ರಿಟನ್ನಿನಲ್ಲಿ ಬೆಲೆ ಇದೆಯೇ?

ನಾಲ್ಕು ವರ್ಷ ಮೈಸೂರಿನಲ್ಲಿ ಓಲೆಗರಿ, ಹಳೆಯ ಕಾಗದಗಳ ಸಂರಕ್ಷಣೆ ಮಾಡಿ ಈಗ ಬ್ರಿಟನ್ನಿಗೆ ಓದಲು ಹೊರಟಿದ್ದೀರಿ. ಆ ಅನುಭವ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ, ಇಲ್ಲಿನವರು ಹೇಗೆ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ಆದರೆ ಇಲ್ಲಿ ಕೈಚಳಕಕ್ಕಿಂತ ಮೊದಲು ನೋಡುವುದು ನಿಮ್ಮ ಬರವಣಿಗೆಯನ್ನು: ಹೀಗೇಕೆ ಮಾಡಿದಿರಿ, ಯಾವುದನ್ನು ಮಾಡದೆ ಬಿಟ್ಟಿರಿ.

ಆದ್ದರಿಂದ ಊರು ಬಿಡುವ ಮೊದಲೇ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸದ ಸಚಿತ್ರ ಕಡತ, ಮುಗಿಸಿಕೊಳ್ಳಿ. ಐದಾರು ವಸ್ತು ಸಾಕು. ಕೆಲಸಕ್ಕೆ ಮೊದಲು, ನಡುವೆ, ನಂತರ ತೆಗೆದ ಫೋಟೋಗಳಲ್ಲಿ ಒಂದೇ ಬೆಳಕು ಇರಲಿ, ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣ ಹೋಲಿಸುವ ಕಾರ್ಡು ಇರಲಿ. ಫೋಟೋ ಬಳಸಲು ನಿಮ್ಮ ಸಂಸ್ಥೆಯಿಂದ ಒಪ್ಪಿಗೆ ಪತ್ರ ಈಗಲೇ ಪಡೆಯಿರಿ. ಇಲ್ಲಿಂದ ಕೂತು ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಸಂದರ್ಶನದಲ್ಲಿ ಎಡವುವುದು ನಮಗೆ ರೂಢಿಯಾದ ಕೆಲಸಗಳಲ್ಲೇ. ಓಲೆಗರಿಗೆ ಸಿಟ್ರೊನೆಲ್ಲಾ ಎಣ್ಣೆ ಸವರಿ, ಮಸಿ ತುಂಬಿ ಅಕ್ಷರ ಎದ್ದು ಕಾಣುವಂತೆ ಮಾಡುವುದು ನಮ್ಮಲ್ಲಿ ಸಹಜ. ಇಲ್ಲಿ ಅದು ದೊಡ್ಡ ಪ್ರಶ್ನೆ. ಎಣ್ಣೆ ಧೂಳು ಹಿಡಿಯುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಹೊಸ ಮಸಿ ಹಳೆಯ ಮಸಿಯ ಕುರುಹನ್ನು ಮುಚ್ಚುತ್ತದೆ. ಮಾಡಿದ್ದನ್ನು ಮುಚ್ಚಿಡಬೇಡಿ. ಓದುಗರು ದಿನವೂ ಬಳಸುವ ಗರಿ, ನಮ್ಮ ಸಂಪ್ರದಾಯದ ಆರೈಕೆ ಎಂಬ ಕಾರಣ ಕೊಡಿ. ಒಳ್ಳೆಯ ಕಾರಣವನ್ನು ಇವರು ಗೌರವದಿಂದ ಕೇಳುತ್ತಾರೆ.

ಅಂಟಿನ ವಿಷಯವೂ ಹಾಗೆಯೇ. ನಮ್ಮ ದಾಖಲಾಲಯಗಳಲ್ಲಿ ಪಿಷ್ಟದಿಂದ ಮಾಡುವ ಡೆಕ್ಸ್‌ಟ್ರಿನ್ ಅಂಟಿಗೆ ಬೇರಿಯಂ ಕಾರ್ಬೋನೇಟ್ ಎಂಬ ವಿಷಕಾರಿ ಪುಡಿ ಬೀಳುತ್ತಿತ್ತು. ಇಲ್ಲಿ ಒಂದು ಪಾಲು ಗೋದಿ ಸ್ಟಾರ್ಚಿಗೆ ನಾಲ್ಕೈದು ಪಾಲು ನೀರು, ಅರ್ಧ ಗಂಟೆಗೂ ಮೇಲೆ ಕೈಬಿಡದೆ ಕಲಕುತ್ತಾ ಬೇಯಿಸುವುದು, ಆರಿದ ಮೇಲೆ ಜರಡಿಯಲ್ಲಿ ಒತ್ತಿ ನಯ ಮಾಡುವುದು. ಕೆಡದಂತೆ ಏನೂ ಬೆರೆಸುವುದಿಲ್ಲ, ಹುಳಿ ವಾಸನೆ ಬಂದರೆ ಚೆಲ್ಲಬೇಕು. ಅಂಟು ನೀರಾದರೆ ತೇಪೆ ಹಾಕುವ ತೆಳು ಜಪಾನಿ ಕಾಗದದ (ಟಿಶ್ಯೂ) ಸುತ್ತ ಕಲೆ ಏಳುತ್ತದೆ, ಗಟ್ಟಿಯಾದರೆ ಕಾಗದ ಸೆಟೆಯುತ್ತದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಇದನ್ನೇ ಗಮನಿಸುತ್ತಾರೆ.

ಹುಳು ಬಿದ್ದರೆ ರಾಸಾಯನಿಕ ಹೊಗೆಯ ಮಾತೆತ್ತಬೇಡಿ. ವಸ್ತುವನ್ನು ಪಾಲಿಥೀನಿನಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಮನೆಯ ಫ್ರೀಜರಿನಂಥ ಮೈನಸ್ 18 ಆದರೆ ಎರಡು ವಾರ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತೇವ ನೇರ ವಸ್ತುವಿನ ಮೇಲೆ ಇಳಿಯುತ್ತದೆ. ಯಾವುದೇ ದ್ರಾವಕದ ಮುಚ್ಚಳ ತೆರೆಯುವ ಮೊದಲು ಅದರ ಅಪಾಯದ ಲೆಕ್ಕ ಹಾಕಿರಬೇಕು, ಅದು ಇಲ್ಲಿನ ಕಾನೂನು.

ದುಡ್ಡಿನ ಮಾತು ಕಹಿ. 2025ರ ಜುಲೈನಿಂದ ಇಲ್ಲಿ ಕೆಲಸ ಮಾಡಲು ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ಇರಬೇಕಾದ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ವೃತ್ತಿಗೆ ಹೊಸಬರಾದವರಿಗೆ 33,400. ಆರಂಭದ ಹುದ್ದೆಗಳು ಎಷ್ಟೋ ಸಲ ಅದಕ್ಕೂ ಕೆಳಗೆ, ಜೊತೆಗೆ ವರ್ಷ, ಒಂದೂವರೆ ವರ್ಷದ ಗುತ್ತಿಗೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಸಾಲ ಅಳೆದು ಮಾಡಿ.

ಕನ್ಸರ್ವೇಟರ್ (ಸಂರಕ್ಷಕ) ಎಂಬ ಹೆಸರಿಗೆ ಇಲ್ಲಿ ಕಾನೂನಿನ ರಕ್ಷಣೆ ಇಲ್ಲ. ಸಂರಕ್ಷಕರ ವೃತ್ತಿ ಸಂಸ್ಥೆಯಾದ ಐಕಾನ್ ಕೊಡುವ ಎಸಿಆರ್ (ಅಕ್ರೆಡಿಟೆಡ್ ಕನ್ಸರ್ವೇಟರ್-ರಿಸ್ಟೋರರ್) ಮಾನ್ಯತೆಯೇ ಗುರುತು. ಕೆಲವು ವರ್ಷ ಸ್ವತಂತ್ರವಾಗಿ ನಿರ್ಧಾರ ತೆಗೆದುಕೊಂಡ ಮೇಲೆ ಅದರ ಮಾತು. ಆದರೆ ಇಲ್ಲಿಗೆ ಬಂದ ವಾರವೇ ಐಕಾನ್‌ನ ವಿದ್ಯಾರ್ಥಿ ಸದಸ್ಯತ್ವ ಮಾಡಿಸಿ, ಅದರ ಪುಸ್ತಕ ಮತ್ತು ಕಾಗದದ ಗುಂಪಿನ ಸಭೆಗಳಿಗೆ ಹೋಗಿ. ಇದು ಸಣ್ಣ ವೃತ್ತಿ, ಎಲ್ಲರಿಗೂ ಎಲ್ಲರ ಪರಿಚಯ. ಮುಖ್ಯಸ್ಥರನ್ನೂ ಹೆಸರು ಹಿಡಿದು ಕರೆಯಬೇಕು. ಸರ್, ಮೇಡಂ ಎಂದರೆ ಅವರಿಗೇ ಮುಜುಗರ. ಸ್ಟುಡಿಯೋದೊಳಗೆ ನೀರಿನ ಬಾಟಲಿಯೂ ಬರುವುದಿಲ್ಲ, ಹಾಗಾಗಿ ಟೀಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಸಂಕೋಚಪಟ್ಟು ಮೇಜಿನ ಬಳಿಯೇ ಉಳಿಯಬೇಡಿ. ಯಾವ ಸಂಗ್ರಹಾಲಯದಲ್ಲಿ ಕೆಲಸ ಖಾಲಿಯಾಗುತ್ತಿದೆ, ಯಾರ ಹತ್ತಿರ ಓಲೆಗರಿಯ ಕಟ್ಟು ಬಂದು ಕೂತಿದೆ ಎಂಬುದು ಆ ಕಾಲು ಗಂಟೆಯಲ್ಲೇ ಕಿವಿಗೆ ಬೀಳುವುದು.