ಪದ್ಮಾಸನ ಆಮೇಲೆ, ಮೊದಲು ಒಂದು ಕುರ್ಚಿ ತನ್ನಿ

ಪೆರ್ಲದ ತಮ್ಮನವರೇ, ನಮ್ಮ ಯೋಗದ ಗುಂಪಿನಲ್ಲಿ ನೀವು ನಿನ್ನೆ ಹಾಕಿದ ವಿಡಿಯೊ ನೋಡಿದೆ. ಪದ್ಮಾಸನದಲ್ಲಿ ಕುಳಿತು ಎರಡೂ ಅಂಗೈಗಳಿಂದ ಮೊಣಕಾಲುಗಳನ್ನು ನೆಲಕ್ಕೆ ಒತ್ತುತ್ತಿದ್ದೀರಿ, ಮುಖ ಕಿವುಚಿಕೊಂಡಿದೆ. ಕೆಳಗೆ ‘ದಿನಕ್ಕೆ 54 ಸೂರ್ಯನಮಸ್ಕಾರ, ಆಮೇಲೆ ಕುಂಭಕ (ಉಸಿರು ಬಿಗಿಹಿಡಿಯುವುದು). ಮೊಣಕಾಲಿನ ಒಳಬದಿ ನೋವು. ಬಿಪಿ ಮಾತ್ರೆ ಬಿಡಬಹುದೇ?’ ಎಂದು ಬರೆದಿದ್ದೀರಿ. ‘ನೋವು ಬಂದರೆ ಒಳ್ಳೆಯದು, ಗಂಟು ಸಡಿಲವಾಗುತ್ತಿದೆ’ ಎಂದು ಹುರಿದುಂಬಿಸಿದವರೇ ಹೆಚ್ಚು. ನಾಳೆ ಮೊಣಕಾಲು ಊದಿಕೊಂಡರೆ ಇವರಲ್ಲಿ ಯಾರೂ ನಿಮ್ಮನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಹೀಗೆಯೇ ಒತ್ತಿ ಒತ್ತಿ ಎಡ ಮೊಣಕಾಲಿನ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದು ಎಲುಬು) ಹರಿದುಕೊಂಡವಳು ನಾನು. ಹಾಗಾಗಿ ಸ್ವಲ್ಪ ಬೈದೇ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಮಾತ್ರೆಯ ವಿಷಯ. ಬಿಡಬೇಡಿ. ಕೆಲವು ಬಿಪಿ ಮಾತ್ರೆಗಳನ್ನು ಹಠಾತ್ತಾಗಿ ನಿಲ್ಲಿಸಿದರೆ ಒತ್ತಡ ಮೊದಲಿದ್ದದ್ದಕ್ಕಿಂತ ಮೇಲೆ ಹೋಗುತ್ತದೆ. ಅಭ್ಯಾಸದಿಂದ ಒತ್ತಡ ಇಳಿಯುತ್ತಿದ್ದರೆ ಅದು ಬರೆದಿಟ್ಟ ಲೆಕ್ಕದಲ್ಲಿ ಕಾಣಿಸುತ್ತದೆ. ಆ ಲೆಕ್ಕವನ್ನು ಡಾಕ್ಟರರ ಮುಂದಿಡಿ, ಮಾತ್ರೆ ಕಡಿಮೆ ಮಾಡುವುದು ಅವರ ಕೆಲಸ. ಬಿಪಿ ನೋಡುವ ಯಂತ್ರ ತೆಗೆದುಕೊಳ್ಳುವುದಾದರೆ ತೋಳಿಗೆ ಪಟ್ಟಿ ಕಟ್ಟುವದ್ದನ್ನೇ ಕೊಳ್ಳಿ. ನನ್ನ ಬಳಿ ಇರುವುದು ಓಮ್ರಾನ್ ಕಂಪನಿಯದ್ದು, ತೊಂದರೆ ಕೊಟ್ಟಿಲ್ಲ. ಮಣಿಕಟ್ಟಿಗೆ ಕಟ್ಟುವದ್ದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಬೇರೆ ಅಂಕಿ ತೋರಿಸುತ್ತದೆ. ತೋಟದಿಂದ ಬಂದ ಬೆವರಿನಲ್ಲೇ ನೋಡಬೇಡಿ, ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ನೋಡಿ.

ಇನ್ನು ಮೊಣಕಾಲು. ಅದು ಬಾಗಿಲಿನ ಬಿಜಾಗರಿಯ ಹಾಗೆ ಮಡಚುವುದಕ್ಕೆ, ಬಿಡಿಸುವುದಕ್ಕೆ ಇರುವ ಕೀಲು. ಪದ್ಮಾಸನದಲ್ಲಿ ಹೊರಕ್ಕೆ ತಿರುಗಬೇಕಾದದ್ದು ತೊಡೆಯ ಬುಡದ ಕೀಲು. ಅದು ತಿರುಗದಿದ್ದರೆ ಆ ತಿರುಚು ಕೆಳಕ್ಕೆ ಇಳಿದು ಮೊಣಕಾಲಿನ ಒಳಬದಿಗೆ ಬೀಳುತ್ತದೆ. ನಿಮಗೆ ನೋಯುತ್ತಿರುವುದು ಅದೇ ಜಾಗ. ಸ್ನಾಯು ಎಳೆದಂತೆ ತೊಡೆಯಲ್ಲೋ ಪೃಷ್ಠದಲ್ಲೋ ಹರಡಿಕೊಳ್ಳುವ ನೋವು ಬೇರೆ, ಕೀಲಿನೊಳಗೆ ಸೂಜಿ ಚುಚ್ಚಿದಂತೆ ಒಂದೇ ಬಿಂದುವಿನಲ್ಲಿ ಬರುವ ನೋವು ಬೇರೆ. ಎರಡನೆಯದು ಬಂದ ಕ್ಷಣದಲ್ಲೇ ಕಾಲು ಬಿಡಿಸಬೇಕು. ಬಿಡಿಸುವಾಗಲೂ ಎಳೆಯಬೇಡಿ, ಮೊಣಕಾಲಿನ ಕೆಳಗೆ ಕೈ ಕೊಟ್ಟು ಎತ್ತಿ ಬಿಡಿಸಿ.

ಒಂದು ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ನೇರ ಕುಳಿತು ಬಲಪಾದದ ಗಂಟನ್ನು ಎಡ ತೊಡೆಯ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇಡಿ. ಒತ್ತಬೇಡಿ. ಬಲ ಮೊಣಕಾಲು ಪಾದದ ಮಟ್ಟಕ್ಕೆ ತಾನಾಗಿ ಇಳಿಯಿತೇ? ಇಳಿಯದೆ ಗಲ್ಲದತ್ತ ನೋಡುತ್ತಿದ್ದರೆ ನಿಮಗೆ ಪದ್ಮಾಸನ ಸದ್ಯಕ್ಕಿಲ್ಲ. ಪಾದವನ್ನು ಹಾಗೆಯೇ ಇಟ್ಟು ಬೆನ್ನು ಗೂನಾಗದಂತೆ ಸೊಂಟದಿಂದ ಒಂದಿಷ್ಟು ಮುಂದೆ ಬಾಗಿ, ಐದಾರು ಉಸಿರು. ಹೊರಪೃಷ್ಠದಲ್ಲಿ ಎಳೆತ ಬರಬೇಕು, ಮೊಣಕಾಲಿನಲ್ಲಿ ಏನೂ ಬರಬಾರದು. ನನ್ನ ಕಾಲು ಸರಿಹೋದದ್ದು ಬಹುಮಟ್ಟಿಗೆ ಇದರಿಂದ. ಇದರ ಜೊತೆಗೆ, ಕಾಲು ಚಾಚಿ ಕುಳಿತು ಮೊಣಕಾಲಿನ ಕೆಳಗೆ ಸುರುಳಿ ಸುತ್ತಿದ ಬೈರಾಸು (ಟವೆಲ್) ಇಟ್ಟು ಅದನ್ನು ಕೆಳಕ್ಕೆ ಅದುಮುವುದು, ಐದು ಎಣಿಸಿ ಬಿಡುವುದು. ನೋಡಲು ಏನೂ ಅಲ್ಲ, ಫೋಟೊ ತೆಗೆದರೆ ಯಾರೂ ಲೈಕ್ ಒತ್ತುವುದಿಲ್ಲ. ಆದರೆ ಮೊಣಕಾಲನ್ನು ಕಾಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತವರಿಗೆ ಯಾವ ಆಸನವೂ ದಕ್ಕುವುದಿಲ್ಲ.

‘ಪರಂಪರೆಯ ಕ್ರಮವನ್ನು ಬದಲಿಸಬಾರದು’ ಎಂದು ನೀರ್ಚಾಲಿನ ಮಾಷ್ಟ್ರು ಬರೆದಿದ್ದಾರೆ. ಮಾಷ್ಟ್ರೇ, ಯಾವ ಕ್ರಮ? ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ಯೋಗಗುರು ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಿಸಿದ್ದು ಎಳೆಯ ಹುಡುಗರಿಗೆ. ಹಾರಿ ಹಿಂದೆ ಹೋಗಿ, ಹಾರಿ ಮುಂದೆ ಬರುವ ಕ್ರಮ ಆ ಮೈಗಳಿಗೆ ಹೊಂದಿತ್ತು. ಅದೇ ಮನುಷ್ಯ ಮುಂದೆ ಮದರಾಸಿನಲ್ಲಿ ರೋಗಿಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಮಲಗಿದಲ್ಲೇ ಉಸಿರಿನ ಜೊತೆ ಕೈ ಎತ್ತಿಸುವಷ್ಟು ಸರಳವಾಗಿ ಕಲಿಸಿದರು. ತೊಂಬತ್ತಾರರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಮಂಚದ ಮೇಲೆಯೇ ಮಾಡುವಂಥ ಅಭ್ಯಾಸವನ್ನು ತಮಗಾಗಿ ಹೊಂದಿಸಿಕೊಂಡರು. (ಇದನ್ನು ಓದಿ ಮೂಳೆ ಮುರಿದವರು ಆಸ್ಪತ್ರೆ ಬೇಡ ಎಂದು ಕೂರಬೇಡಿ. ಅವರು ಕೃಷ್ಣಮಾಚಾರ್ಯರು, ನಾವಲ್ಲ.) ಅವರ ಶಿಷ್ಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯ ಎಲ್ಲ ಉಂಡವರು. ಪುಣೆಯಲ್ಲಿ ಇಟ್ಟಿಗೆ, ಹಗ್ಗ, ಕುರ್ಚಿಗಳನ್ನು ಆಸರೆಯಾಗಿ ಆಸನದೊಳಗೆ ತಂದವರು ಅವರೇ. ಆಸನವನ್ನು ಮೈಗೆ ಹೊಂದಿಸುವುದೂ ಪರಂಪರೆಯೇ.

ಆದ್ದರಿಂದ ನಿಮ್ಮ 54 ಸೂರ್ಯನಮಸ್ಕಾರಗಳನ್ನು ಕುರ್ಚಿಗೆ ತನ್ನಿ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿ ಇಡಿ, ಜಾರಬಾರದು. ಕುರ್ಚಿಯಲ್ಲಿ ಕೂರುವ ಜಾಗದ ಅಂಚಿಗೆ ಅಂಗೈ ಊರಿ ಒಂದೊಂದೇ ಕಾಲನ್ನು ಹಿಂದಕ್ಕೆ ನಡೆಸಿ, ಹಾರಬೇಡಿ. ಸೊಂಟ ಹಿಂದೆ ಹೋಗುವಾಗ ಉಸಿರು ಹೊರಗೆ, ಎದೆ ಮುಂದೆ ಬರುವಾಗ ಒಳಗೆ. ಉಸಿರು ಮೂಗಿನಿಂದ ಬಾಯಿಗೆ ಬಂದರೆ ಆ ದಿನದ ಲೆಕ್ಕ ಮುಗಿಯಿತು, ಅದು ಆರೇ ಇರಲಿ. ಕುರ್ಚಿ ಕೈ ಇಲ್ಲದ್ದು, ಕಬ್ಬಿಣದ್ದು ಬೇಕು. ಹಳೆಯ ಗೋದ್ರೇಜ್ ಮಡಚುವ ಕುರ್ಚಿ ಯಾರಾದರೂ ಗುಜರಿಗೆ ಹಾಕುತ್ತಿದ್ದರೆ ಕೇಳಿ ತನ್ನಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ನಮ್ಮ ಮಳೆಗಾಲದ ಒದ್ದೆ ನೆಲದಲ್ಲಿ ಹೊರಕ್ಕೆ ಜಾರುತ್ತದೆ.

ಕುಂಭಕವನ್ನು ಪೂರ್ತಿ ನಿಲ್ಲಿಸಿ. ಒತ್ತಡ ಇರುವವರಿಗೆ ಉಸಿರು ಬಿಗಿಹಿಡಿಯುವುದಲ್ಲ, ಬಿಡುವುದನ್ನು ಉದ್ದ ಮಾಡುವುದು. ನಾಲ್ಕು ಎಣಿಸಿ ಪೂರಕ (ಉಸಿರು ಒಳಗೆ), ಆರು ಎಣಿಸಿ ರೇಚಕ (ಉಸಿರು ಹೊರಗೆ). ಒಂದೊಂದು ಎಣಿಕೆಗೆ ಒಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರು. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಎಣಿಕೆ ಕಷ್ಟವಾದರೆ ಮೂರು ಮತ್ತು ನಾಲ್ಕಕ್ಕೆ ಇಳಿಸಿ, ಒತ್ತಾಯದ ಪ್ರಾಣಾಯಾಮದಿಂದ ತಲೆನೋವು ಮಾತ್ರ ಬರುತ್ತದೆ. ಶೀರ್ಷಾಸನದ ಹಂಬಲ ಇದ್ದರೆ ಅದನ್ನೂ ಬಿಡಿ. ಅದರ ಬದಲು ಚಾಪೆಯಲ್ಲಿ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ. ಏಳುವಾಗ ಬಲಮಗ್ಗುಲಿಗೆ ತಿರುಗಿ, ಕುಳಿತು, ಎರಡು ಉಸಿರು ತೆಗೆದು ಆಮೇಲೆ ನಿಲ್ಲಿ. ಬಿಪಿ ಮಾತ್ರೆ ತಿನ್ನುವವರು ಫಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುವುದುಂಟು.

ಉಳಿದವರಿಗೂ ಒಂದೆರಡು ಮಾತು, ಇಲ್ಲಿ ಎಲ್ಲರೂ ಎಲ್ಲವನ್ನೂ ಮಾಡುತ್ತಿರುವುದು ಕಾಣುತ್ತಿದೆ. ಗ್ಲಾಕೋಮ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು, ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನ ಆಗದವರು ತಲೆ ಕೆಳಗೆ ಮಾಡುವ ಯಾವುದನ್ನೂ ಮಾಡಬೇಡಿ. ಹರ್ನಿಯಾ ಇದ್ದರೆ ಹೊಟ್ಟೆ ಒಳಕ್ಕೆ ಎಳೆದು ಉಸಿರನ್ನು ರಭಸದಿಂದ ಬಿಡುವ ಕಪಾಲಭಾತಿ ಬೇಡ. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಎಂದು ಡಾಕ್ಟರರು ಹೇಳಿದ ಅಕ್ಕಂದಿರು ಪಶ್ಚಿಮೋತ್ತಾನಾಸನದಲ್ಲಿ ಹಣೆಯನ್ನು ಮೊಣಕಾಲಿಗೆ ಮುಟ್ಟಿಸುವ ಹಟ ಬಿಡಿ, ಬಾಗಿದ ಬೆನ್ನಿನ ಮೇಲೆ ಭಾರ ಬಿದ್ದರೆ ಬೆನ್ನುಮೂಳೆಯ ಮಣಿ ಕುಸಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಬೇಡಿ, ರಕ್ತದ ಸಕ್ಕರೆ ತೀರಾ ಇಳಿದರೆ ಎಂದು ಹತ್ತಿರದಲ್ಲಿ ಒಂದು ಚೂರು ಬೆಲ್ಲ ಇರಲಿ. ಇಲ್ಲಿ ಕಾಸರಗೋಡಿನಲ್ಲಿ ಪಂಚಾಯತಿನ ಯೋಗ ತರಗತಿಗೆ ಹೋಗುವ ನಮ್ಮ ಹಿರಿಯರದ್ದು ಬೇರೆಯೇ ಕಷ್ಟ: ಟೀಚರ್ ಮಲಯಾಳದಲ್ಲಿ ಹೇಳುತ್ತಾರೆ, ಇವರಿಗೆ ಅರ್ಧ ತಿಳಿಯುತ್ತದೆ, ಹಾಗಾಗಿ ಪ್ರತಿ ಆಸನದಲ್ಲೂ ಕುತ್ತಿಗೆ ತಿರುಚಿ ಪಕ್ಕದವರನ್ನು ನೋಡುತ್ತಾರೆ. ಅವರ ಕುತ್ತಿಗೆ ಹಿಡಿಯುವುದು ಆಸನದಿಂದಲ್ಲ, ಆ ನೋಟದಿಂದ. ಮುಂದಿನ ಸಾಲಿನಲ್ಲಿ ಕೂರಿಸಿ, ಇಲ್ಲವೇ ಕ್ರಮವನ್ನು ಕನ್ನಡದಲ್ಲಿ ಬರೆದು ಮೊದಲೇ ಕೊಡಿ.

ಕುತ್ತಿಗೆ ಎಂದಾಗ ನೆನಪಾಯಿತು. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ಅಡಕೆ ಮರ ಹತ್ತುವ ಕಷ್ಟ ತಪ್ಪಿತು, ಆದರೆ ಅಡಕೆಗೆ ಬೋರ್ಡೋ ಔಷಧ ಸಿಂಪಡಿಸುವವರು ದಿನವಿಡೀ ಮೇಲೆ ನೋಡುತ್ತಾರೆ. ಅಂಥ ದಿನ ಸಂಜೆ ಭುಜಂಗಾಸನ, ಉಷ್ಟ್ರಾಸನದಂಥ ಹಿಂದಕ್ಕೆ ಬಾಗುವ ಆಸನ ಮಾಡಬೇಡಿ, ಮೈ ಆಗಲೇ ಅದೇ ಭಂಗಿಯಲ್ಲಿ ದಣಿದಿರುತ್ತದೆ. ಕುರ್ಚಿಯಲ್ಲಿ ಕುಳಿತು ಹಣೆಯನ್ನು ಮೇಜಿನ ಮೇಲಿಟ್ಟ ಮಡಚಿದ ಬೈರಾಸಿಗೆ ಒರಗಿಸಿ, ಅಷ್ಟೇ ಸಾಕು. ತಲೆ ಬಗ್ಗಿಸಿ ಕುಳಿತು ಅಡಕೆ ಸುಲಿಯುವವರಿಗೆ ತದ್ವಿರುದ್ಧ, ಅವರು ಗೋಡೆಗೆ ಬೆನ್ನು ಹಚ್ಚಿ ನಿಂತು ಕೈಗಳನ್ನು ಮೇಲಕ್ಕೆ ಜಾರಿಸಬೇಕು.

ಮುಳ್ಳೇರಿಯದ ತಂಗಿ ಚಾಪೆ ಮತ್ತು ಇಟ್ಟಿಗೆ ಕೇಳಿದ್ದರು. ದಪ್ಪ ಸ್ಪಂಜಿನ ಮ್ಯಾಟಿನಲ್ಲಿ ಒಂಟಿ ಕಾಲಿನಲ್ಲಿ ನಿಂತರೆ ಪಾದ ಓಲಾಡುತ್ತದೆ, ವೃಕ್ಷಾಸನಕ್ಕೆ ಬರಿನೆಲವೇ ಒಳ್ಳೆಯದು, ಒಂದು ಕೈ ಗೋಡೆಯ ಮೇಲಿರಲಿ. ಮಲಗುವ ಆಸನಗಳಿಗೆ ಕಣ್ಣೂರಿನ ಕೈಮಗ್ಗದ ದಪ್ಪ ಜಮಖಾನ ಸಾಕು, ಒಗೆಯಬಹುದು, ಬೂಸ್ಟು ಹಿಡಿದರೆ ಬಿಸಿಲಿಗೆ ಹಾಕಬಹುದು. ಇಟ್ಟಿಗೆಗೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ತರಬೇಡಿ, ಕೈ ತರಚುತ್ತದೆ. ಬಡಗಿಯ ಬಳಿ ಹಲಸಿನ ಮರದ ತುಂಡು ಇದ್ದರೆ 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ದಪ್ಪಕ್ಕೆ ಕೊಯ್ದು ಅಂಚುಗಳನ್ನು ಉಜ್ಜಿ ಕೊಡಲು ಹೇಳಿ. ಎರಡು ಮಾಡಿಸಿ, ಒಂದರಿಂದ ಕೆಲಸವಾಗುವುದಿಲ್ಲ. ಪೆರ್ಲದ ತಮ್ಮನವರು ಕುರ್ಚಿಯ ಪರೀಕ್ಷೆ ಮಾಡಿ ಪಕ್ಕದಿಂದ ತೆಗೆದ ಫೋಟೊ ಹಾಕಿ, ಎದುರಿನಿಂದ ತೆಗೆದರೆ ಮೊಣಕಾಲಿನ ಎತ್ತರ ತಿಳಿಯುವುದಿಲ್ಲ.