ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಅಮ್ಮನ ತಲೆನೋವು ಬಿಡುತ್ತಿಲ್ಲ. ಇನ್ನೂ ಕಾಯಬಹುದಾ?

ನೀವು ಬರೆದಿರುವುದು ಇಷ್ಟು. ಅಮ್ಮನಿಗೆ 66 ವರ್ಷ, ಮಂಡ್ಯದ ಪಕ್ಕದ ಹಳ್ಳಿ. ಆರು ವಾರದಿಂದ ಎಡಗಡೆ ಕಣತಲೆ ನೋವು. ಮೊದಲು ಯಾವತ್ತೂ ತಲೆನೋವು ಅಂದವರಲ್ಲ. ತಲೆ ಬಾಚಿದರೂ ನೋಯುತ್ತದೆ ಅನ್ನುತ್ತಾರೆ. ಊಟ ಸರಿಯಾಗಿ ಮಾಡುತ್ತಾರೆ. ಸಿಟಿ ಸ್ಕ್ಯಾನ್ ನಾರ್ಮಲ್, ಬಿಪಿ 150/90, ಶುಗರ್ ಇದೆ. ಮನೆಯವರು ಪಿತ್ತ ಅನ್ನುತ್ತಿದ್ದಾರೆ, ಚಿಕ್ಕಪ್ಪ ಬಿಪಿ ಅನ್ನುತ್ತಿದ್ದಾರೆ.

ದಯವಿಟ್ಟು ಕಾಯಬೇಡಿ. ಇವತ್ತೇ ಕರೆದುಕೊಂಡು ಹೋಗಿ, ಆಗದಿದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ.

ನಾನು ಡಾಕ್ಟರ್ ಅಲ್ಲ, ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ಫಾರ್ಮಸಿಸ್ಟ್. ತಲೆನೋವಿಗೆ ಮಾತ್ರೆ ಕೇಳಿಕೊಂಡು ದಿನಾ ಜನ ಬರುತ್ತಾರೆ. ಹೆಚ್ಚಿನವರದ್ದು ಅರೆತಲೆ ನೋವು, ನಿದ್ದೆಗೇಡು, ಹೊತ್ತು ಮೀರಿದ ಊಟ. ಅದರಲ್ಲಿ ಭಯಪಡುವಂಥದ್ದು ಇರುವುದಿಲ್ಲ. ಆದರೆ 50 ದಾಟಿದವರು ‘ಇದು ಹೊಸ ನೋವು’ ಅಂದರೆ ನಾನು ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಅಲ್ಲಿ ತಲೆನೋವೇ ಕಾಯಿಲೆ ಆಗಿರದೆ ಬೇರೊಂದು ಕಾಯಿಲೆಯ ಗುರುತಾಗಿರಬಹುದು.

ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಚಿಂತೆ ಹತ್ತಿಸಿದ್ದು ಬಾಚಣಿಗೆಯ ಮಾತು. ಜೈಂಟ್ ಸೆಲ್ ಆರ್ಟರೈಟಿಸ್ ಅಂತ ಒಂದು ಕಾಯಿಲೆ ಇದೆ, ತಲೆ ಮುಟ್ಟಿದರೆ ನೋಯುವುದು ಅದರ ಒಂದು ಗುರುತು. ತಲೆಗೆ ರಕ್ತ ಒಯ್ಯುವ ನಾಳಗಳ ಗೋಡೆ ಉರಿಯೂತದಿಂದ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಬರುವುದು 50 ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ. ಕಣ್ಣಿನ ನರಕ್ಕೆ ರಕ್ತ ಕೊಡುವ ನಾಳವೂ ಹೀಗೆ ಮುಚ್ಚಿಕೊಳ್ಳಬಹುದು. ತೂಬು ಕಟ್ಟಿಕೊಂಡರೆ ಗದ್ದೆಗೆ ನೀರು ನಿಲ್ಲುತ್ತದಲ್ಲ, ಹಾಗೆ. ಆಗ ನೋವೇ ಇಲ್ಲದೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಗುತ್ತದೆ. ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಕೆಲವೇ ದಿನ, ವಾರಗಳಲ್ಲಿ ಇನ್ನೊಂದು ಕಣ್ಣಿಗೂ ಹಾಗೇ ಆಗಬಹುದು. ನಮ್ಮ ಕಡೆ ಇದು ಅಪರೂಪ. ಅಪರೂಪ ಅನ್ನುವ ಕಾರಣಕ್ಕೇ ಯಾರಿಗೂ ತಕ್ಷಣ ಹೊಳೆಯದೆ ಹೋಗುತ್ತದೆ.

ಅಮ್ಮನನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿ. ಅಗಿಯುತ್ತಾ ಹೋದರೆ ದವಡೆ ಸೋತು ನೋಯುತ್ತದಾ, ನಿಲ್ಲಿಸಿದರೆ ಕಡಿಮೆ ಆಗುತ್ತದಾ? ‘ಊಟ ಸರಿಯಾಗಿ ಮಾಡ್ತಾರೆ’ ಅಂತ ನೀವು ಬರೆದಿದ್ದೀರಿ, ಆದರೆ ಮುದ್ದೆಯನ್ನು ನಾವು ನುಂಗುತ್ತೇವೆ, ಅಗಿಯುವುದಿಲ್ಲ. ಚಪಾತಿ, ಬಾಡು, ಎಲೆ ಅಡಿಕೆ ಇವುಗಳ ಬಗ್ಗೆ ಕೇಳಿ. ದಿನಾ ಹಾಕುತ್ತಿದ್ದ ಎಲೆ ಅಡಿಕೆಯನ್ನು ಸುಮ್ನೆ ಬಿಟ್ಟಿದ್ದಾರಾ? ಬೆಳಿಗ್ಗೆ ಏಳುವಾಗ ಭುಜ, ಸೊಂಟದ ಪಕ್ಕ ಬಿಗಿದಿರುತ್ತದಾ? ಸಣ್ಣ ಜ್ವರ, ತೂಕ ಇಳಿದದ್ದು, ಒಂದು ಕ್ಷಣ ಕಣ್ಣು ಕತ್ತಲಾಗಿ ಮತ್ತೆ ಸರಿಹೋದದ್ದು, ಎರಡೆರಡು ಕಂಡದ್ದು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಕಣ್ಣಿನ ತೊಂದರೆ ಇದ್ದರೆ ಮಾತ್ರ ಈ ಉತ್ತರ ಓದುತ್ತಾ ಕೂರಬೇಡಿ, ರಾತ್ರಿಯಾಗಿದ್ದರೂ ನೇರವಾಗಿ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ.

ಸಿಟಿ ಸ್ಕ್ಯಾನ್ ಮಾಡಿಸಿದ್ದು ಒಳ್ಳೆಯದೇ ಆಯಿತು. ರಕ್ತಸ್ರಾವ, ದೊಡ್ಡ ಗಡ್ಡೆ ಇದ್ದಿದ್ದರೆ ಕಾಣುತ್ತಿತ್ತು. ಆದರೆ ಮಾಮೂಲಿ ಸಿಟಿಯಲ್ಲಿ ಈ ಕಾಯಿಲೆ ಕಾಣುವುದಿಲ್ಲ. ಇದಕ್ಕೆ ಮೊದಲು ಬೇಕಾದದ್ದು ಇಎಸ್‌ಆರ್ ಮತ್ತು ಸಿಆರ್‌ಪಿ, ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತ ಪರೀಕ್ಷೆಗಳು. ಇಎಸ್‌ಆರ್ ಅನ್ನು ಸಣ್ಣ ಲ್ಯಾಬ್‌ನಲ್ಲೂ ಮಾಡುತ್ತಾರೆ. ಈ ಕಾಯಿಲೆ ಇದ್ದವರಲ್ಲಿ ಅದು ಸಾಮಾನ್ಯವಾಗಿ 50 ದಾಟಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡಿಸುವ ಮನೆಗಳಲ್ಲಿ ಈ ಸಣ್ಣ ಪರೀಕ್ಷೆ ಉಳಿದುಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಬಿಪಿ ವಿಷಯ. 150/90ಕ್ಕೆ ಸಾಮಾನ್ಯವಾಗಿ ತಲೆನೋವು ಬರುವುದಿಲ್ಲ. 180/120 ದಾಟಿದಾಗ ಬರಬಹುದು. ನೋವಿನಿಂದಲೇ ಬಿಪಿ ಸ್ವಲ್ಪ ಏರಿರುವುದೂ ಉಂಟು. ಚಿಕಿತ್ಸೆ ಅದಕ್ಕೂ ಬೇಕು, ಆದರೆ ಕಾರಣ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬಾರದು.

ಇದೇ ಪ್ರಶ್ನೆ ಹುಡುಕಿಕೊಂಡು ಬೇರೆಯವರೂ ಓದುತ್ತಾರೆ, ಅವರಿಗಾಗಿ ಎರಡು ಮಾತು. ಒಂದು ನಿಮಿಷದೊಳಗೆ ಸಿಡಿಲು ಹೊಡೆದಂತೆ ತಾರಕಕ್ಕೇರುವ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲು ಬಲ ಹೋಗುವುದು, ಮಾತು ತೊದಲುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿ ಬಂದರೆ ಅದು ಗ್ಲಾಕೋಮಾ ಇರಬಹುದು, ಅವತ್ತೇ ಕಣ್ಣಿನ ಡಾಕ್ಟರ್ ನೋಡಬೇಕು. ಬಾಣಂತಿಯರ ತಲೆನೋವನ್ನಂತೂ ಶೀತ, ಗಾಳಿ ಅಂತ ತಳ್ಳಿಹಾಕಬೇಡಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹೆರಿಗೆಯಾದ ಮೇಲಿನ ಕೆಲವು ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ನೀರೂ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ. ಆ ತಾಯಂದಿರಿಗೆ ಹೊಟ್ಟೆ ತುಂಬ ನೀರು ಕೊಡಿ.

ಮತ್ತೆ ನಿಮ್ಮ ಅಮ್ಮನ ವಿಷಯ. ಮಿಮ್ಸ್‌ನಲ್ಲಿ ಮೆಡಿಸಿನ್ ವಿಭಾಗಕ್ಕೆ ಹೋಗಿ, ‘ಹೊಸ ನೋವು, ತಲೆ ಮುಟ್ಟಿದರೆ ನೋಯುತ್ತದೆ, ಇಎಸ್‌ಆರ್ ನೋಡಬೇಕಾ ಸಾರ್’ ಅಂತ ನೇರವಾಗಿ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಾಳದ ಬಯಾಪ್ಸಿಯೋ (ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಅಲ್ಟ್ರಾಸೌಂಡೋ ಬೇಕಾದರೆ ಮೈಸೂರಿಗೆ ಕಳಿಸಬಹುದು. ಅನುಮಾನ ಬಲವಾಗಿದ್ದರೆ ಬಯಾಪ್ಸಿಗೆ ಕಾಯದೆ ಡಾಕ್ಟರ್ ಸ್ಟೀರಾಯ್ಡ್ ಶುರು ಮಾಡುತ್ತಾರೆ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಿ ಬೇಡ ಅನ್ನಬೇಡಿ, ಕಣ್ಣು ಉಳಿಸುವುದು ಅದೇ. ಹಾಗಂತ ಅಂಗಡಿಯಿಂದ ನೀವೇ ಕೊಂಡು ಕೊಡುವುದೂ ಬೇಡ, ನಡುವೆ ತಟ್ಟನೆ ನಿಲ್ಲಿಸುವುದೂ ಬೇಡ. ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತದೆ. ಹಾಗಾಗಿ ಅಮ್ಮನ ಶುಗರ್ ಚೀಟಿ, ಈ ಆರು ವಾರ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಸ್ಕ್ಯಾನ್ ರಿಪೋರ್ಟ್ ಒಂದು ಕವರ್‌ಗೆ ಹಾಕಿ ಜೊತೆಗೆ ಒಯ್ಯಿರಿ. ಇಎಸ್‌ಆರ್ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.